ಅಂಚೆಪೆಟ್ಟಿಗೆಯ ಉಣ್ಣೆ ಟೊಪ್ಪಿ

ಡಾರ್ಸೆಟ್ ಸೀಮೆಯ ಹಳ್ಳಿಗಳಲ್ಲಿ ಅಂಚೆಪೆಟ್ಟಿಗೆಗೆ ಉಣ್ಣೆಯ ಟೊಪ್ಪಿ ಹೆಣೆದು ತೊಡಿಸುವುದು ಹೆಂಗಸರಿಗೊಂದು ಖುಷಿ. ಕ್ರಿಸ್‌ಮಸ್ಸಿಗೆ ರಾಬಿನ್ ಹಕ್ಕಿ, ಸುಗ್ಗಿಗೆ ಗೋಧಿ ತೆನೆ, ರಾಣಿಯ ಹುಟ್ಟುಹಬ್ಬಕ್ಕೆ ಕಿರೀಟ. ಬೇರೆ ಊರುಗಳಲ್ಲಿ ಹಬ್ಬ ಮುಗಿದರೆ ಟೊಪ್ಪಿಯೂ ಇಳಿಯುತ್ತದೆ. ಈ ಊರಿನ ಕವಲುದಾರಿಯಲ್ಲಿ ಮಾತ್ರ ಹಾಗಲ್ಲ. ಒಂದು ಟೊಪ್ಪಿ ಮಳೆಗೆ ನೆನೆದು ಜೋಲುವಷ್ಟರಲ್ಲಿ ಈನಿಡ್ ಮತ್ತೊಂದನ್ನು ಹೆಣೆದು ಮುಗಿಸಿರುತ್ತಿದ್ದಳು. ಹಳೆಯದನ್ನು ತೆಗೆದು ಹೊಸದನ್ನು ಹಾಕುವಾಗ ಅವಳ ಮುಖ ಬೇಲಿಯ ಕಡೆಗಿರುತ್ತಿತ್ತು.

ಅವಳ ಗಂಡ ಮರ್ವಿನ್ ಬೆಳಗಿನ ಹಾಲು ಕರೆದು, ಹಸುಗಳನ್ನು ಹುಲ್ಲುಗಾವಲಿಗೆ ಬಿಟ್ಟು, ಕವಲುದಾರಿಯವರೆಗೆ ನಡೆದು ಬರುತ್ತಿದ್ದ. ಅಕ್ಕಪಕ್ಕ ಯಾರೂ ಇಲ್ಲದಿದ್ದರೆ ಉಣ್ಣೆಯ ಅಂಚನ್ನು ತುಸು ಎತ್ತಿ, ಪೆಟ್ಟಿಗೆಯ ತಲೆಯಲ್ಲಿ ಮುರಿದುಹೋದ ಜಾಗಕ್ಕೆ ಹೆಬ್ಬೆರಳಿಡುತ್ತಿದ್ದ. ಅಂಗೈಯಗಲದ ಕಬ್ಬಿಣದ ಚೂರು ಅಲ್ಲಿಂದ ಹಾರಿಹೋಗಿತ್ತು. ಅವರ ಮಗಳು ರೊವೀನಾ, ಅಪ್ಪನ ಜೊತೆ ಹಾಲು ಕರೆಯಲು ಗೆಳತಿಯ ಮನೆಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದವಳು, ಹೆಪ್ಪುಗಟ್ಟಿದ ರಸ್ತೆಯಲ್ಲಿ ಜಾರಿ ಬಂದು ಬಡಿದದ್ದು ಅಲ್ಲಿಗೆ. ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು ತುಂಬಿರಲಿಲ್ಲ. ಆಮೇಲೆ ಎಷ್ಟೋ ಚಳಿಗಾಲ ಕಳೆದವು. ಗಂಡ ಬೆರಳಿಡುತ್ತಾನೆಂದು ಹೆಂಡತಿಗೆ ಗೊತ್ತಿತ್ತು, ಹೆಂಡತಿ ಯಾಕೆ ಹೆಣೆಯುತ್ತಾಳೆಂದು ಗಂಡನಿಗೂ. ಇಬ್ಬರೂ ಅದನ್ನು ಮಾತಿಗೆ ತಂದವರಲ್ಲ.

ಒಂದು ಸಂಜೆ ಚಹಾದ ಹೊತ್ತಿಗೆ ಊರ ಸಮಿತಿಯ ಥೆಲ್ಮಾ ಬಂದಳು.

"ನಮ್ಮ ಟಪಾಲು ಡಬ್ಬಕ್ಕೆ ಕುತ್ತು ಬಂದಿದೆ ಕಣಪ್ಪ ಮರ್ವಿನ್," ಎಂದಳು, ಬೂಟು ಕಳಚುತ್ತ. "ತಲೆಯಿಂದ ನೀರಿಳಿದು ಕಾಗದವೆಲ್ಲ ಮುದ್ದೆಯಾಗ್ತಿದೆಯಂತೆ. ಅಂಚೆಯವರು ಕಿತ್ಕೊಂಡು ಹೋಗಿ ಯಾವುದೋ ಮ್ಯೂಸಿಯಮ್ಮಿನ ಹಿತ್ತಲಲ್ಲಿ ನಿಲ್ಲಿಸ್ತಾರಂತೆ. ಇಲ್ಲಿಗೆ ತಗಡಿಂದೊಂದು ಬರತ್ತೆ."

"ತಗಡಿಂದಾ?"

"ಹೂಂ. ವಿಕ್ಟೋರಿಯಾ ರಾಣಿ ಕಾಲದ್ದಪ್ಪ ಇದು. ಬಣ್ಣ ಕೆರೆದರೆ ಅವಳ ಹೆಸರಿನ ಅಕ್ಷರ ಈಗಲೂ ಕಾಣತ್ತೆ. ನಮ್ಮಜ್ಜಿ ಯುದ್ಧಕ್ಕೆ ಹೋದ ಅಜ್ಜನಿಗೆ ಕಾಗದ ಹಾಕಿದ್ದು ಇದರಲ್ಲೇ."

"ನಿಮ್ಮಜ್ಜ ಒಂದಕ್ಕೂ ಉತ್ತರ ಬರೀಲಿಲ್ಲ ಅಂತ ಊರಿಗೆಲ್ಲ ಗೊತ್ತು."

"ಅದು ಡಬ್ಬದ ತಪ್ಪಲ್ಲವಲ್ಲ." ಥೆಲ್ಮಾ ನಕ್ಕಳು. "ಮುರಿದ ಚೂರು ಸಿಕ್ಕಿದ್ರೆ ಮಾತ್ರ ಇಲ್ಲೇ ಉಳಿಸ್ತಾರಂತೆ. ಬೀಡುಕಬ್ಬಿಣ ಬೆಸುಗೆ ಹಿಡಿಯಲ್ಲ, ಹೊಲೀಬೇಕಂತೆ."

"ಕಬ್ಬಿಣ ಹೊಲಿಯೋದಾ? ಹಾಗಾದ್ರೆ ಈನಿಡ್‌ಗೇ ಕೊಡಿ."

ಈನಿಡ್ ಸೂಜಿಗಳಿಂದ ತಲೆ ಎತ್ತಲಿಲ್ಲ.

"ಬೇಲಿ ಬುಡವೆಲ್ಲ ಹುಡುಕಿ ಬಂದೆ," ಎಂದು ಶುರುಮಾಡಿದ ಥೆಲ್ಮಾ, ತಾನು ಯಾರ ಮನೆಯಲ್ಲಿ ಏನು ಹೇಳುತ್ತಿದ್ದೇನೆಂದು ಆಗ ಹೊಳೆದು ಚಹಾದ ಬಟ್ಟಲನ್ನು ಕೆಳಗಿಟ್ಟಳು. "ತಪ್ಪು ತಿಳ್ಕೋಬೇಡ ಈನಿಡ್," ಎಂದಷ್ಟೇ ಹೇಳಿ ಬೂಟು ಹಾಕಿಕೊಂಡು ಹೋದಳು.

ಗೇಟಿನ ಸದ್ದು ನಿಂತ ಮೇಲೆ ಈನಿಡ್ ಹೇಳಿದಳು: "ಕೊಟ್ಟುಬಿಡು."

"ಏನನ್ನ?"

"ಗೊರಸು ಕೆತ್ತೋ ಚಾಕುಗಳ ಡಬ್ಬೀಲಿ ಇಟ್ಟಿದೀಯಲ್ಲ, ಅದನ್ನ."

ಮರ್ವಿನ್ ಒಲೆಯ ಕಡೆ ನೋಡಿದ. "ಯಾವಾಗಿಂದ ಗೊತ್ತು?"

"ಹಸುಗಳ ಗೊರಸು ಕೆತ್ತೋಕೂ ನೀನು ಹೊರಗಿನವರನ್ನ ಕರೆಯೋಕೆ ಶುರುಮಾಡಿದೆ. ಆ ಡಬ್ಬಿ ಯಾಕೆ ತೆಗೀತಿಲ್ಲ ಅಂತ ಹೋಗಿ ನೋಡಿದೆ."

"ಅದನ್ನ ಕೂರಿಸಿದ್ರೆ ಅವಳು ಬಿದ್ದ ಗುರುತೇ ಉಳಿಯಲ್ಲ ಈನಿಡ್."

"ಕೊಡದಿದ್ರೆ ಟಪಾಲು ಡಬ್ಬಾನೇ ಉಳಿಯಲ್ಲ."

ಮರುದಿನ ಹಾಲು ಕರೆದ ಮೇಲೆ ಮರ್ವಿನ್ ಚಾಕುಗಳ ಡಬ್ಬಿ ತೆರೆದ. ಚೂರಿನ ಒಂದು ಬದಿಯ ಕೆಂಪು ಬಣ್ಣ ಹಾಗೆಯೇ ಇತ್ತು. ಒಡೆದ ಬದಿ ಬೂದುಬಣ್ಣಕ್ಕಿದ್ದು ಕಾಳುಕಾಳಾಗಿತ್ತು. ತುಕ್ಕು ಹತ್ತದಿರಲೆಂದು ಅವನೇ ಆಗಾಗ ಕೆಚ್ಚಲಿನ ಮುಲಾಮು ಸವರುತ್ತಿದ್ದ. ಈಗಲೂ ಸವರಿದ, ಒರೆಸಿದ, ತನ್ನ ಹಳೆಯ ಟೋಪಿಯಲ್ಲಿ ಸುತ್ತಿಕೊಂಡು ಥೆಲ್ಮಾಳ ಮನೆಗೆ ಹೋದ. ಎಲ್ಲಿ ಸಿಕ್ಕಿತೆಂದು ಅವಳು ಕೇಳಲಿಲ್ಲ.

ಕಬ್ಬಿಣ ಹೊಲಿಯುವವನು ಬ್ರಿಸ್ಟಲ್ ಕಡೆಯವನು, ಹೆಚ್ಚು ಮಾತಿನವನಲ್ಲ. ಚೂರನ್ನು ಅದರ ಜಾಗಕ್ಕೆ ಹೊಂದಿಸಿ, ಬಿರುಕಿನುದ್ದಕ್ಕೂ ತೂತು ಕೊರೆದು, ಲೋಹದ ಸಣ್ಣ ಕೀಲುಗಳನ್ನು ಒಂದೊಂದಾಗಿ ಬಡಿದು ಕೂರಿಸಿ, ಮೇಲೆ ಉಜ್ಜಿದ. ಹಳೆಯ ಬಣ್ಣದ ಪದರಗಳನ್ನು ಕೆರೆದಾಗ ರಾಣಿಯ ಅಕ್ಷರಗಳು ಚೂಪಾಗಿ ಎದ್ದುಬಂದವು. ಹೊಸ ಕೆಂಪು ಬಣ್ಣ ಒಣಗಿದ ದಿನ ಊರವರೆಲ್ಲ ನೋಡಲು ಬಂದರು. ಪೆಟ್ಟಿಗೆಗೇ ವಯಸ್ಸು ಹಿಂದಕ್ಕೆ ಹೋಯಿತೆಂದರು.

"ಟೊಪ್ಪಿ ತಂದಿಲ್ವಾ ಈನಿಡ್?" ಎಂದು ಯಾರೋ ಕೇಳಿದರು.

"ಇನ್ನು ಬೇಡ," ಎಂದಳು.

ಜನ ಚದುರಿದರು. ಥೆಲ್ಮಾಳೂ ತನ್ನ ನಾಯಿಯನ್ನು ಹಿಡಿದುಕೊಂಡು ಹೊರಟುಹೋದಳು. ಈನಿಡ್ ಕೈಚೀಲವನ್ನು ಕೆಳಗಿಟ್ಟು, ಮೊದಲ ಸಲ ಬೋಳು ತಲೆಯ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಕಬ್ಬಿಣ ತಣ್ಣಗಿತ್ತು.

"ಎಲ್ಲಿ ಮುರಿದಿತ್ತು?" ಎಂದು ಕೇಳಿದಳು. "ನಾನು ಯಾವತ್ತೂ ಸರಿಯಾಗಿ ನೋಡ್ಲಿಲ್ಲ. ತೋರ್ಸು."

"ಇಲ್ಲಿ," ಎಂದು ಮರ್ವಿನ್ ಹೆಬ್ಬೆರಳಿಟ್ಟ. ತೆಗೆದು ತುಸು ಪಕ್ಕಕ್ಕೆ ಇಟ್ಟ. ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ಒಮ್ಮೆ ಸವರಿ, ಮತ್ತೆ ಹಿಂದಕ್ಕೆ ಬಂದ. ಎಲ್ಲೂ ಬೆರಳು ತಡೆಯಲಿಲ್ಲ.

"ಇಲ್ಲೇ ಎಲ್ಲೋ," ಎಂದ.

ಅವಳು ಒಂದು ಬದಿಯಿಂದ, ಅವನು ಇನ್ನೊಂದು ಬದಿಯಿಂದ, ಅಂಚನ್ನು ತಡವುತ್ತ ಪೆಟ್ಟಿಗೆಯನ್ನು ಸುತ್ತಿದರು. ಹಿಂಬದಿಯಲ್ಲಿ ಇಬ್ಬರ ಕೈಗಳೂ ಒಂದಕ್ಕೊಂದು ತಗಲಿದವು. ಅಲ್ಲೂ ನುಣುಪಾಗಿಯೇ ಇತ್ತು.