ತಾಂಬೂಲದ ಚೀಲ

ಕೆಂಡದ ಮೇಲೆ ಬಾಡಿಸಿದ ಬಾಳೆಯೆಲೆಯ ವಾಸನೆ. ಭಾಷಣ ಅಲ್ಲಿಂದಲೇ ಶುರುವಾಗಬೇಕು. ಕ್ಷೇತ್ರಕ್ಕೆ ಹೊರಟಾಗ ಅಜ್ಜಿ ಆ ಎಲೆಯಲ್ಲಿ ಬುತ್ತಿ ಕಟ್ಟುತ್ತಿದ್ದಳು; ಉಂಡ ಮೇಲೆ ಎಲೆಯನ್ನು ದನ ತಿನ್ನುತ್ತಿತ್ತು; ಅಜ್ಜಿ ಬಂದು ಹೋದದ್ದಕ್ಕೆ ಬೆಟ್ಟದ ಮೇಲೆ ಗುರುತೇ ಉಳಿಯುತ್ತಿರಲಿಲ್ಲ. ಕಮಲಾದೇವಿ ಇದನ್ನು ಈಗಾಗಲೇ ಹನ್ನೊಂದು ಕಡೆ ಹೇಳಿದ್ದರು. ಹೇಳಿ ಹೇಳಿ, ಆ ವಾಸನೆ ತಮ್ಮ ಮೂಗಿಗೆ ನಿಜವಾಗಿ ಎಂದಾದರೂ ಬಂದಿತ್ತೇ ಎಂಬ ಅನುಮಾನ ಈಚೆಗೆ ಹುಟ್ಟಿತ್ತು.

"ನಾನೂ ಬರ್ಲಾಮ್ಮ?"

ಅಡುಗೆಮನೆಯ ಬಾಗಿಲಲ್ಲಿ ಮಗಳು ಶಾಲಿನಿ ನಿಂತಿದ್ದಳು. ತಲೆ ಬಾಚಿಕೊಂಡಿದ್ದಳು.

"ಎಲ್ಲಿಗೆ?"

"ಬೆಟ್ಟಕ್ಕೆ. ಕಸ ಆಯೋಕೆ."

"ಬಿಸಿಲು ಜಾಸ್ತಿ ಕಣೆ."

ಡಿಸೆಂಬರಿನ ಬೆಳಗಿನ ಏಳು ಗಂಟೆ. ಕಿಟಕಿಯಾಚೆ ಜಯನಗರದ ಮರಗಳ ಮೇಲೆ ಇನ್ನೂ ಮಂಜಿತ್ತು. ಶಾಲಿನಿ ಅದನ್ನು ಒಮ್ಮೆ ನೋಡಿ, "ಹೂಂ, ಸರಿ," ಎಂದು ಹಿಂದಿನ ಕೋಣೆಗೆ ಹೋದಳು. ಹೋಗುವ ಮುಂಚೆ ತಾಯಿಯ ಫ್ಲಾಸ್ಕಿಗೆ ಕಾಫಿ ತುಂಬಿಸಿ ಮೇಜಿನ ಮೇಲಿಟ್ಟಳು.

ಮದುವೆಯಾಗಿ ಹದಿನಾಲ್ಕು ತಿಂಗಳಿಗೆ ಅವಳು ಎರಡು ಪೆಟ್ಟಿಗೆಗಳೊಂದಿಗೆ ವಾಪಸಾಗಿದ್ದಳು. ಈಗ ಎರಡು ವರ್ಷದ ಮೇಲಾಯಿತು. ಬೆಟ್ಟ ಶುಚಿ ಮಾಡುವ ಸಂಘದವರ ಲೆಕ್ಕದಲ್ಲಿ ಅವಳು ಪುಣೆಯಲ್ಲಿ ಗಂಡನೊಂದಿಗೆ ಇದ್ದಾಳೆ. ಬಾಗಿಲ ಬೆಲ್ ಹೊಡೆದರೆ ಹಿಂದಿನ ಕೋಣೆಗೆ ಹೋಗಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೇ ಹೋಗುತ್ತಿದ್ದಳು.

ಕಮಲಾದೇವಿ ಫ್ಲಾಸ್ಕನ್ನು ಮೇಜಿನ ಮೇಲೇ ಮರೆತು ಹೊರಟರು.

ಜೆ.ಪಿ. ನಗರದ ಬಡಾವಣೆಗಳು ಮುಗಿಯುವಲ್ಲಿ ಬೆಟ್ಟದಮ್ಮನ ಗುಡಿ. ಮಂಗಳವಾರ ಶುಕ್ರವಾರ ಎಲ್ಲೆಲ್ಲಿಂದಲೋ ಜನ ಬರುತ್ತಾರೆ; ಅವರು ಬಿಟ್ಟುಹೋದ ಕವರುಗಳು ಮೆಟ್ಟಿಲ ಪಕ್ಕದ ಮುಳ್ಳುಗಿಡಗಳಲ್ಲಿ ಸಿಕ್ಕಿಕೊಂಡು ವರ್ಷವಿಡೀ ಬಡಿದುಕೊಳ್ಳುತ್ತವೆ. ಅದನ್ನು ನೋಡಿದಾಗ ಕಮಲಾದೇವಿಯವರಿಗೆ ನಿಜವಾಗಿಯೂ ಬೇಸರವಾಗುತ್ತಿತ್ತು. ಕ್ಷೇತ್ರವನ್ನು ಶುಚಿಯಾಗಿಡುವುದೂ ಒಂದು ಪೂಜೆ ಎಂದು ಕರಪತ್ರದಲ್ಲಿ ಬರೆದವರು ಅವರೇ. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವರ ಮಾತೆಂದು ಜನ ಓದುತ್ತಿದ್ದರು.

"ಇವತ್ತೊಂದು ಹೊಸ ಐಡಿಯಾ ಮೇಡಂ," ಎಂದರು ಸಂಘದ ಅಧ್ಯಕ್ಷ ಜಯದೇವಪ್ಪ. ಕೈಯಲ್ಲಿ ನೈಲಾನ್ ಹಗ್ಗದ ಸುರುಳಿ. "ಸಿಕ್ಕಿದ ಕವರೆಲ್ಲಾ ಮೆಟ್ಟಿಲುದ್ದಕ್ಕೂ ಸಾಲಾಗಿ ಕಟ್ಟಿಬಿಡೋಣ. ಬಟ್ಟೆ ಒಣಗಾಕಿದ ಹಾಗೆ. ಅಂಗಡಿ ಹೆಸರು, ಮದುವೆ ಮನೆಯವರ ಹೆಸರು, ಎಲ್ಲಾ ಮೈಕಲ್ಲಿ ಓದ್ತೀನಿ. ನಾಚಿಕೆ ಆಗ್ಬೇಕು ಜನಕ್ಕೆ."

"ನಾಚಿಕೆಯಿಂದ ಯಾರೂ ತಿದ್ದಿಕೊಳ್ಳಲ್ಲ ಸಾರ್."

"ಇನ್ಯಾವುದರಿಂದ ತಿದ್ದಿಕೋತಾರೆ, ಹೇಳಿ?" ಜಯದೇವಪ್ಪ ನಕ್ಕರು. "ಅಂದ ಹಾಗೆ ಪುಣೆಯಿಂದ ಫೋನ್ ಬಂತಾ? ಮಗಳು ಚೆನ್ನಾಗಿದಾಳಾ?"

"ಚೆನ್ನಾಗಿದಾಳೆ."

ಮೊದಲ ಮೆಟ್ಟಿಲ ಬಳಿ ತಪಾಸಣೆ. ಪ್ಲಾಸ್ಟಿಕ್ ಕೊಟ್ಟವರಿಗೆ ಕಾಗದದ ಚೀಲ. ಬಂದವರು ಗೊಣಗಿಕೊಂಡೇ ಕೊಟ್ಟರು. ಹತ್ತು ಗಂಟೆಯ ಹೊತ್ತಿಗೆ ಪೊರಕೆ ಹಿಡಿದ ಹೆಂಗಸೊಬ್ಬಳು ಬಂದಳು. ಎರಡು ದಿನದ ಕೆಲಸಕ್ಕೆಂದು ಕಾರ್ಪೊರೇಷನ್‌ನ ಕಂಟ್ರಾಕ್ಟರ್ ಕಳಿಸಿದ್ದ ನಾರಾಯಣಮ್ಮ. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಬುತ್ತಿಯ ಡಬ್ಬಿ.

"ಕವರ್ ಕೊಡಮ್ಮ," ಎಂದರು ಕಮಲಾದೇವಿ.

"ಇದು ಎಸೆಯೋದಲ್ಲಕ್ಕಾ, ಮಡಗೋದು. ಮದುವೆ ಮನೇದು. ಮೂರೂವರೆ ವರ್ಷದಿಂದ ತೊಳ್ದು ತೊಳ್ದು ಮಡಗಿವ್ನಿ. ಮೇಲೆ ಗಣಪತಿ ಅವ್ನೆ, ನೋಡಿ."

ಸುತ್ತ ನಿಂತವರು ಏನಾಗುವುದೋ ಎಂದು ನೋಡುತ್ತಿದ್ದರು. ಸೈಕಲ್ ಮೇಲೆ ಹೂವು ಮಾರುವ ಪಿಳ್ಳಪ್ಪ, "ಬಡವರ ಕವರ್ರೇ ಕಾಣ್ಸೋದು ಇವ್ರಿಗೆ," ಎಂದು ಯಾರಿಗೂ ಅಲ್ಲದಂತೆ ಹೇಳಿದ.

"ನಿಯಮ ಎಲ್ಲರಿಗೂ ಒಂದೇ," ಎಂದರು ಕಮಲಾದೇವಿ, ತರಗತಿಯ ದನಿಯಲ್ಲಿ.

ನಾರಾಯಣಮ್ಮ ಡಬ್ಬಿಯನ್ನು ತೆಗೆದುಕೊಂಡಳು. ಚೀಲವನ್ನು ಸೀರೆಯ ಸೆರಗಿನಿಂದ ಒರೆಸಿ, ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಕೊಟ್ಟಳು. ಯಾರೋ ಚಪ್ಪಾಳೆ ತಟ್ಟಿದರು. ಗೋಣಿಯೊಳಗೆ ಬೀಳುವಾಗ ಚೀಲ ಬಿಚ್ಚಿಕೊಂಡಿತು.

ಹಳದಿ ಚೀಲ, ಕೆಂಪು ಅಕ್ಷರ. ಚಿ. ಸೌ. ಶಾಲಿನಿ, ಚಿ. ವೇಣುಗೋಪಾಲ. ಕೆಳಗೆ ಸಣ್ಣದಾಗಿ: ಶ್ರೀಮತಿ ಕಮಲಾದೇವಿ, ಎಂ.ಎಸ್ಸಿ., ಜಯನಗರ.

ಎಂ.ಎಸ್ಸಿ. ಹಾಕಬೇಕೆಂದು ಪ್ರೆಸ್ಸಿನವನಿಗೆ ಹೇಳಿದ್ದೂ ಅವರೇ. ಬಟ್ಟೆಯ ಚೀಲವಾದರೆ ಬಣ್ಣ ಬಿಡುತ್ತದೆ, ಇದಾದರೆ ಬಹಳ ದಿನ ಬಾಳುತ್ತದೆ ಎಂದು ಅವನು ಅಂದಿದ್ದ. ಐನೂರು ಮಾಡಿಸಿದ್ದರು.

ಅಷ್ಟರಲ್ಲಿ ಹಿಂದಿನಿಂದ ಬಂದವರು ಅದರ ಮೇಲೆ ಕೈತುಂಬ ಕವರುಗಳನ್ನು ಸುರಿದರು. ಕಾರ್ಯಕರ್ತರಿಬ್ಬರು ಗೋಣಿಯ ಬಾಯಿ ಕಟ್ಟಿ ಮೇಲೆ ಗುಡಿಯ ಹಿಂದಕ್ಕೆ ಹೊತ್ತೊಯ್ದರು. ಭಾಷಣಕ್ಕೆ ಕರೆ ಬಂತು.

ಗುಡಿಯ ಮುಂದೆ ನಿಂತು ಕಮಲಾದೇವಿ ಬಾಳೆಯೆಲೆಯ ಮಾತು ಹೇಳಿದರು. ಅಜ್ಜಿ, ದನ, ಎಲ್ಲವೂ ಅದರದರ ಜಾಗಕ್ಕೆ ಬಂದು ನಿಂತವು. "ಈ ಒಂದು ಚೀಲ ಮಣ್ಣಾಗಲು ನೂರಾರು ವರ್ಷ ಬೇಕು," ಎಂಬಲ್ಲಿಗೆ ಬಂದಾಗ ಗುಡಿಯ ಕಡೆ ತಿರುಗಿ ನೋಡಿದರು. ಜನ ಅದನ್ನು ಭಕ್ತಿ ಎಂದುಕೊಂಡರು. ಮೊದಲ ಸಾಲಿನ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು.

ಒಂದು ಗಂಟೆಗೆ ಎಲ್ಲರೂ ಊಟಕ್ಕೆಂದು ಕೆಳಗಿನ ಶಾಮಿಯಾನಕ್ಕೆ ಇಳಿದರು. ಊಟದ ನಂತರ ಹಗ್ಗಕ್ಕೆ ಕವರು ಕಟ್ಟಿ ಹೆಸರು ಓದುವುದು. ಕಮಲಾದೇವಿ ಕಾಲು ನೋವೆಂದು ಹೇಳಿ ಮೇಲೆಯೇ ಉಳಿದರು.

ಗುಡಿಯ ಹಿಂದೆ ಏಳು ಗೋಣಿಗಳಿದ್ದವು. ಮೊದಲನೆಯದನ್ನು ಬಿಚ್ಚಿದರು. ಹಿಂಡಿದ ನಿಂಬೆ ಹೋಳು, ದೀಪದೆಣ್ಣೆಯ ಜಿಡ್ಡು, ಕೊಳೆತ ಸೇವಂತಿಗೆ. ಕೈ ಮೊಣಕೈವರೆಗೆ ಒಳಗಿಳಿಯಿತು. ಎಷ್ಟೊಂದು ಮದುವೆಗಳು! ಎಲ್ಲ ಹೆಸರುಗಳೂ ಅಳಿಯದೆ ಗಟ್ಟಿಯಾಗಿದ್ದವು. ಎರಡನೆಯ ಗೋಣಿ, ಮೂರನೆಯದು. ಸಿಕ್ಕಿದರೆ ಏನು ಮಾಡುವುದು? ಸುಟ್ಟರೆ ಹೊಗೆ ವಿಷ. ಹೂತರೆ ಹಾಗೇ ಇರುತ್ತದೆ. ಇದೆಲ್ಲ ಅವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು.

ನಾಲ್ಕನೆಯದರಲ್ಲಿ ಸಿಕ್ಕಿತು. ಕಮಲಾದೇವಿ ಅವಸರವಾಗಿ ಚೀಲದ ಒಳಮೈಯನ್ನು ಹೊರಕ್ಕೆ ತಿರುವಿದರು. ತೆಳು ಚೀಲ, ಬಿಸಿಲಿಗೆ ಅಕ್ಷರಗಳು ಆಚೆಯಿಂದ ಉಲ್ಟಾ ಕಾಣುತ್ತಲೇ ಇದ್ದವು.

"ಅಯ್ಯೋ ನಮ್ಮಕ್ಕಾ!"

ಹಿಂದೆ ನಾರಾಯಣಮ್ಮ ನಿಂತಿದ್ದಳು. ಅವಳ ನೋಟ ಕಮಲಾದೇವಿಯವರ ಕೈಗೆ, ಅಲ್ಲಿಂದ ಚೀಲಕ್ಕೆ ಹೋಯಿತು.

"ನನ್ನ ಕವರ್ಗೋಸ್ಕರ ಕಸಕ್ಕೆ ಕೈ ಹಾಕಿದ್ರಾ? ಇಷ್ಟು ಓದ್ಕೊಂಡೋರು?"

ಅಲ್ಲ ಎನ್ನಲು ಕಮಲಾದೇವಿ ಬಾಯಿ ತೆರೆದರು. ಅಷ್ಟರಲ್ಲಿ ಅವಳು ತಿರುಗಿ ನಡೆದಾಗಿತ್ತು.

ನಾರಾಯಣಮ್ಮ ಕೊಡದಿಂದ ನೀರು ತಂದು ಅವರ ಕೈಗೆ ಹೊಯ್ದಳು. ತನ್ನ ಕೈಯಿಂದಲೇ ಬೆರಳ ಸಂದಿಯ ಜಿಡ್ಡು ಉಜ್ಜಿದಳು. ಆಮೇಲೆ ಚೀಲವನ್ನೂ ತೊಳೆದಳು.

"ಛತ್ರದ ಹಿಂದ್ಗಡೆ ಎಂಜಲೆಲೆ ಎತ್ತಾಕ್ತಿದ್ದೆ ಕಣಕ್ಕಾ. ಮದುಮಗಳು ತಾನೇ ಬತ್ತು. ಧಾರೆ ಸೀರೇಲೇ. ‘ಊಟ ಆಯ್ತಾ?’ ಅಂತ ಕೇಳ್ತು. ಇದ್ರಲ್ಲಿ ಕಾಯಿ, ಎಲೆಅಡಿಕೆ ಆಕಿ ಕೊಡ್ತು. ನನ್ನ ಜನ್ಮದಲ್ಲಿ ಯಾರೂ ಹಂಗೆ ಕೇಳಿರ್ನಿಲ್ಲ. ನಂಗೆ ಓದಕ್ಕೆ ಬರಾಕಿಲ್ಲ, ಹೆಸ್ರೂ ಗೊತ್ತಿಲ್ಲ. ಎಲ್ಲಿದ್ರೂ ತಣ್ಣಗಿರ್ಲಿ."

ಅಂದು ಶಾಲಿನಿ ಛತ್ರದ ಹಿಂದಕ್ಕೆ ಹೋಗಿದ್ದು ಕಮಲಾದೇವಿಯವರಿಗೆ ಗೊತ್ತಿರಲಿಲ್ಲ. ಫೋಟೋಗೆ ಮದುಮಗಳು ಸಿಗದೆ, ಎಲ್ಲಿ ಹೋಗಿದ್ದೆ ಎಂದು ಗದರಿದ್ದು ಮಾತ್ರ ನೆನಪಿತ್ತು.

"ನಿಮ್ದು ಊಟ ಆಯ್ತಾ ಅಕ್ಕಾ?"

"ಹಸಿವಿಲ್ಲ."

"ಮುಖ ನೋಡಿದ್ರೆ ಗೊತ್ತಾಗ್ತೈತೆ. ಇಲ್ಲಿ ಬ್ಯಾಡ ಅಂದ್ರೆ ಮನೆಗೆ ತಗೊಂಡೋಗಿ. ಮನೇಲಿ ಯಾರವ್ರೆ?"

ಕೆಳಗೆ ಯಾರೋ ಮೈಕಿಗೆ ಊದಿ ನೋಡುತ್ತಿದ್ದರು.

"ಮಗಳಿದಾಳೆ," ಎಂದರು ಕಮಲಾದೇವಿ. ಎರಡು ವರ್ಷದಲ್ಲಿ ಮೊದಲ ಸಲ. ಹೇಳಿದ್ದು ಹೆಸರೂ ಓದಲು ಬಾರದವಳಿಗೆ.

"ಹಂಗಾದ್ರೆ ಇಬ್ರಿಗೂ ಆಯ್ತದೆ."

ನಾರಾಯಣಮ್ಮ ಡಬ್ಬಿ ತೆರೆದಳು. ಬಾಳೆಯೆಲೆಯ ಮೇಲೆ ತಟ್ಟಿ, ಎಲೆಸಮೇತ ಹಂಚಿಗೆ ಹಾಕಿ ಬೇಯಿಸಿದ ರಾಗಿ ರೊಟ್ಟಿ. ಎಲೆ ಅಲ್ಲಲ್ಲಿ ಕಪ್ಪಾಗಿ ಅಂಟಿಕೊಂಡಿತ್ತು. ವಾಸನೆ ಮೂಗಿಗೆ ಬಡಿಯಿತು. ಅದೇ. ಕಮಲಾದೇವಿ ಬಗ್ಗಿ ಇನ್ನೊಮ್ಮೆ ಉಸಿರೆಳೆದುಕೊಂಡರು.

ಮೂರು ರೊಟ್ಟಿಯಲ್ಲಿ ಎರಡನ್ನು ಎಲೆಯಲ್ಲೇ ಮಡಿಸಿ, ಚೀಲವನ್ನು ಮತ್ತೆ ಸರಿಯಾಗಿ ತಿರುವಿ, ನಾರಾಯಣಮ್ಮ ಅದರೊಳಗಿಟ್ಟಳು. ಗಣಪತಿ ಹೊರಬಂದ. ಹೆಸರುಗಳೂ ಬಂದವು.

"ಕವರ್ ಮಾತ್ರ ನಾಳೆ ಮರೀದೆ ವಾಪಸ್ ತಂದ್ಕೊಡಿ."

"ಮೇಡಂ, ಮೇಲೇ ಇದೀರಾ?" ಕೆಳಗಿನಿಂದ ಜಯದೇವಪ್ಪನವರ ದನಿ. ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ ಹತ್ತಿರವಾಗುತ್ತಿತ್ತು, ಜೊತೆಗೆ ಹಗ್ಗ ಕಲ್ಲಿಗೆ ಉಜ್ಜುವ ಸದ್ದು.

ನಾರಾಯಣಮ್ಮ ಚೀಲವನ್ನು ಚಾಚಿ ಹಿಡಿದಳು. ತೊಳೆದ ನೀರು ಕೆಂಪು ಅಕ್ಷರಗಳ ಮೇಲಿಂದ ಒಂದೊಂದೇ ಹನಿಯಾಗಿ ಜಾರುತ್ತಿತ್ತು. ಒಂದು ಅಕ್ಷರವೂ ಮಾಸಿರಲಿಲ್ಲ.