ಕೋಡಿ ಬಿದ್ದ ವರ್ಷ

ಕೀಬೋರ್ಡಿನ ಪಕ್ಕ ಕಡಗ ಒಂದು ಸುತ್ತು ಉರುಳಿ ಮಲಗಿತು, ಇಷ್ಟು ಸಣ್ಣದಿತ್ತೇ ಇದು, ಅಜ್ಜಿಯ ಟ್ರಂಕಿನಲ್ಲಿದ್ದಾಗ ದೊಡ್ಡದಾಗಿ ಕಾಣುತ್ತಿತ್ತು, ಇಲ್ಲ ಆಗ ನನ್ನ ಕೈಯೇ ಸಣ್ಣದಿತ್ತೋ — ಪರದೆಯ ಮೇಲೆ ಅಜ್ಜಿಯ ಹೆಸರಿನ ಪಕ್ಕ ಕೆಂಪು ತ್ರಿಕೋನ ಹಾಗೇ ಇದೆ, ಬರಗೇರಮ್ಮ, ಮಾಡದಕೆರೆ, ಜನನ ೧೯೩೩, ಮೊದಲ ಮಗು ೧೯೪೫, ತಾಯಿಯ ವಯಸ್ಸು ಹನ್ನೆರಡು, ತಪ್ಪಿರಬಹುದು, ಸರಿಪಡಿಸಿ. ಸರಿಪಡಿಸಿ ಅನ್ನುವ ಮಾತು ಎಷ್ಟು ನಯವಾಗಿದೆ, ಎಣ್ಣೆ ಸವರಿದ ಹಾಗೆ, ಓದಿದರೆ ನಾಲಗೆ ಜಿಡ್ಡಾಗುತ್ತದೆ. ಎರಡು ವರ್ಷದಿಂದ ಇದೇ ನನ್ನ ಸೇವೆ, ಲೋಕದ ಮನೆತನಗಳನ್ನೆಲ್ಲ ಒಂದೇ ವಂಶವೃಕ್ಷಕ್ಕೆ ಸೇರಿಸುವ ಈ ಜಾಲತಾಣದಲ್ಲಿ ಚಿತ್ರದುರ್ಗ ಜಿಲ್ಲೆಯ ಕೆಂಪು ಗುರುತುಗಳು ನನ್ನ ಪಾಲಿನವು, ಸಂಬಳವಿಲ್ಲ, ಓದಿದ್ದು ಇದಕ್ಕಾದರೂ ಬರಲಿ ಅಂತ ಸೇರಿದ್ದು, ಒಂದು ಇಸವಿ ಬರೆಯುವ ಮೊದಲು ಮೂರು ಸಲ ನೋಡುವವಳು ನಾನು, ಗ್ಯಾಸ್ ಆರಿಸಿದ್ದೇನೆಯೇ ಅಂತ ನೋಡುವ ಹಾಗೆ, ಆದರೆ ಹನ್ನೊಂದರ ತಾಯಿ, ಹನ್ನೆರಡರ ತಾಯಿ ಬಂದಾಗ ಮಾತ್ರ ನೋಡಲಿಲ್ಲ. ನಿಮ್ಮ ಕಡೆ ಹುಟ್ಟಿದ ಇಸವಿ ಯಾರಿಗೆ ನೆನಪಿರುತ್ತೆ ಮೇಡಂ, ಎಲ್ಲಾ ಅಂದಾಜು ತಾನೇ, ನಾಲ್ಕು ವರ್ಷ ಹಿಂದಕ್ಕೆ ಹಾಕಿಬಿಡಿ, ಅಂದಿದ್ದಳು ಲತಾ, ನಮ್ಮ ಗುಂಪಿನ ಮೇಲ್ವಿಚಾರಕಿ, ಮುಖ ನೋಡಿಲ್ಲ, ಬರೀ ಸಂದೇಶ, ಕೊನೆಗೊಂದು ಹೂವಿನ ಚಿತ್ರ. ಹಾಕಿದೆ, ತ್ರಿಕೋನ ಅಳಿಯಿತು, ಹಸಿರು ಗುರುತು ಬಂತು, ಮನಸ್ಸಿಗೆ ಹಿತವಾಯಿತು ಕೂಡ, ಹೊಳಲ್ಕೆರೆಯ ಹೊನ್ನಕ್ಕನಿಗೆ ಹಾಕಿದೆ, ಹಿರಿಯೂರಿನ ಅಕ್ಕತಂಗಿಯರಿಗೆ ಒಂದೇ ಮಧ್ಯಾಹ್ನ ಹಾಕಿದೆ, ಇನ್ನೂರ ಹದಿನಾಲ್ಕು ಹೆಂಗಸರನ್ನು ಕೂತಲ್ಲೇ ದೊಡ್ಡವರನ್ನಾಗಿ ಮಾಡಿದೆ, ಚಹಾ ಕುಡಿಯುತ್ತ. ಚಹಾದ ಮೇಲೆ ಈಗ ಕೆನೆ ಕಟ್ಟಿದೆ, ನೋಡಲಾಗುವುದಿಲ್ಲ, ಲೋಟ ದೂರ ಸರಿಸು.

ಐದು ಗಂಟೆಯೊಳಗೆ ಜಿಲ್ಲೆಯಲ್ಲಿ ಒಂದೂ ತಪ್ಪಿಲ್ಲದಂತೆ ಮಾಡಿದರೆ ನಿಮ್ಮ ಹೆಸರು ಮುಖಪುಟಕ್ಕೆ, ಒಂದೇ ಒಂದು ಉಳಿದಿದೆ, ಅದೂ ನಿಮ್ಮ ಮನೆಯದೇ, ಅಂತ ಲತಾ, ಮತ್ತೆ ಹೂವು. ಗಡಿಯಾರ ನಾಲ್ಕೂಮುಕ್ಕಾಲು, ಕಿಟಕಿಯಾಚೆ ಜೋಗಿಮಟ್ಟಿಯ ಮೇಲೆ ಬಿಸಿಲು ಇಳಿಯುತ್ತಿದೆ, ಫೋನಿನಲ್ಲಿ ತಿಮ್ಮೇಶ್ ಮಾವ ಇಷ್ಟೊತ್ತೂ ಎಲೆಅಡಿಕೆ ಅಗಿಯುತ್ತಲೇ ಮಾತಾಡಿದ, ಆ ಚಪ್ಪರಿಕೆ ಇನ್ನೂ ಕಿವಿಗೆ ಅಂಟಿಕೊಂಡಿದೆ, ಅಲ್ಲ ಕಣಮ್ಮ ಯಶೋದಾ, ಇಪ್ಪತ್ತೊಂಬತ್ತು ಅಂತ ಹಾಕು, ಹದಿನಾರಾತೈತೆ, ಯಾರು ಬಂದು ನೋಡ್ತಾರೆ, ಭಾನುವಾರ ಮನೆತನದೋರೆಲ್ಲ ಸೇರ್ತಿದೀವಿ, ವಂಶವೃಕ್ಷದ್ದೊಂದು ಫ್ಲೆಕ್ಸ್ ಮಾಡ್ಸಿ ನಮ್ಮಪ್ಪನ ಫೋಟೋ ಮೇಲ್ಗಡೆ ಹಾಕ್ತೀವಿ, ಅದ್ರಾಗೆ ಹನ್ನೆರಡು ಅಂತಿದ್ರೆ ಬೀಗರು ಏನಂದ್ಕಂತಾರೆ, ಊರೋರುದ್ದೆಲ್ಲ ತಿದ್ದಿದೀಯಂತೆ, ನಿಮ್ಮಜ್ಜೀದು ತಿದ್ದಾಕೆ ಏನು ಬ್ಯಾನೆ ನಿಂಗೆ. ಏನು ಬ್ಯಾನೆ. ಅಜ್ಜಿಯದು ಅಂದಾಜಲ್ಲ ಮಾವ, ಅಂತ ಹೇಳಬೇಕಿತ್ತು, ಹೂಂ ಅಂದೆ, ನಾನು ಯಾವಾಗಲೂ ಹೂಂ. ಮಾರಿಕಣಿವೆ ಡ್ಯಾಮು ಕೋಡಿ ಬಿದ್ದ ವರ್ಷ ಹುಟ್ಟಿದೋಳು ನಾನು, ಅನ್ನುತ್ತಿದ್ದಳು, ಡ್ಯಾಮು ತುಂಬಿ ಹರಿದದ್ದು ಮೂವತ್ಮೂರರಲ್ಲಿ ಒಮ್ಮೆ, ಆಮೇಲೆ ಎಂಬತ್ತೊಂಬತ್ತು ವರ್ಷ ಬೀಳಲೇ ಇಲ್ಲ, ಎರಡು ಸಾವಿರದ ಇಪ್ಪತ್ತೆರಡರಲ್ಲಿ ಬಿದ್ದಾಗ ಇದೇ ಮಾವ ಮಂಚದ ಹತ್ತಿರ ಮೊಬೈಲು ಹಿಡಿದು ತೋರಿಸಿದ, ಅಗಾ, ನನ್ನ ವರ್ಷ ತಿರುಗಿ ಬಂತು ಕಣ್ರೋ, ಅಂದಳು, ಅವನೂ ನಕ್ಕ, ನಾವೆಲ್ಲ ನಕ್ಕೆವು. ಎಷ್ಟು ನಕ್ಕಿದ್ದೇವೆ ಆ ಮನೆಯಲ್ಲಿ. ನಿಮ್ಮಜ್ಜ ಮೂವತ್ತು ದಾಟಿದ್ದ, ಕುರಿಮಂದೆಯಿಂದ ಮನೆಗೆ ಬಂದ್ರೆ ನಾನು ಕಾಳು ತುಂಬೋ ವಾಡೆ ಹಿಂದೆ ಅಡಗ್ತಿದ್ದೆ, ಕಾರಮಂಡಕ್ಕಿ ತಂದೀನಿ ಬಾ ಅಂತಿದ್ದ, ಹೋಗ್ತಿದ್ದೆ, ಅನ್ನುವಳು ಅಜ್ಜಿ — ನಗು. ಹೊಟ್ಟೆ ಯಾಕವ್ವಾ ಊದೈತೆ ಅಂತ ನಮ್ಮವ್ವನ್ನ ಕೇಳಿದ್ರೆ ಹುಣಿಸೇಕಾಯಿ ಜಾಸ್ತಿ ತಿಂದೀಯ ಅಂದ್ಲು, ನೋವು ಬರೋ ದಿನದವರೆಗೂ ಹುಣಿಸೇಕಾಯೇ ಅನ್ಕಂಡಿದ್ದೆ — ಮತ್ತೆ ನಗು, ನಾನು ಎಲ್ಲರಿಗಿಂತ ಜೋರಾಗಿ, ಬಾಯಿಗೆ ಸೆರಗು ಒತ್ತಿಕೊಂಡು. ಮದುವೆಯಲ್ಲಿ ತೊಡಿಸಿದ ಈ ಕಡಗವನ್ನು ಆ ಬಸುರಿನಲ್ಲಿ ಕೈ ಊದಿಕೊಂಡಾಗ ಹರಳೆಣ್ಣೆ ಹಚ್ಚಿ ಕಿತ್ತರಂತೆ, ಚರ್ಮವೂ ಬಂತಂತೆ.

ಒಂದು ಬಟನ್ ಇದೆ ಮೂಲೆಯಲ್ಲಿ, ಎರಡು ವರ್ಷದಲ್ಲಿ ಒಮ್ಮೆಯೂ ಒತ್ತಿಲ್ಲ, ಇದು ತಪ್ಪಲ್ಲ, ಹೀಗೇ ಇರಲಿ, ಅಂತ ಅದರ ಮೇಲೆ. ಒತ್ತಿದೆ. ತ್ರಿಕೋನ ಹೋಗಲಿಲ್ಲ, ಹೋಗಬಾರದು. ಲತಾಳ ಸಂದೇಶ, ಮೇಡಂ ಏನಾಯ್ತು, ಈ ಸಲ ಹೂವಿಲ್ಲ, ಮಾವನ ಫೋನು ಮೇಜಿನ ಮೇಲೆ ಗುರುಗುಟ್ಟುತ್ತಿದೆ, ಗುರುಗುಟ್ಟಲಿ. ಬದಲಾವಣೆಗಳ ಪಟ್ಟಿ ತೆರೆದೆ, ಮೊದಲನೆಯವಳು ಹೊನ್ನಕ್ಕ, ಹೊಳಲ್ಕೆರೆ, ಮೊದಲ ಹೆರಿಗೆಗೆ ಹನ್ನೊಂದು, ನನ್ನ ಕೈಯಲ್ಲಿ ಹದಿನೈದು, ತಿದ್ದಿದವರು ಯಶೋದಾ, ಕೆಳಗೆ ಇನ್ನೊಬ್ಬಳು, ತಿದ್ದಿದವರು ಯಶೋದಾ, ಪುಟ ಮುಗಿಯುವವರೆಗೂ ಯಶೋದಾ ಯಶೋದಾ, ಗೋಡೆಯ ಮೇಲೆ ಉಗಿದ ಎಲೆಅಡಿಕೆಯ ಹಾಗೆ ನನ್ನ ಹೆಸರು. ಹೊನ್ನಕ್ಕನಿಗೆ ಹನ್ನೊಂದು ತಿರುಗಿ ಕೊಟ್ಟೆ, ಕೆಂಪಾಯಿತು. ಇನ್ನೂರ ಹದಿಮೂರು. ಎಡಗೈಗೆ ಅದು ಯಾವಾಗ ಬಂತೋ, ಯಾವಾಗ ತೂರಿಸಿಕೊಂಡೆನೋ, ನಾಲ್ಕು ಬೆರಳು ದಾಟಿದೆ, ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿದೆ ಕಡಗ, ಒತ್ತಿದರೆ ಒಳಗೆ ಹೋಗುವುದಿಲ್ಲ, ಎಳೆದರೆ ಬರುವುದಿಲ್ಲ, ಸುತ್ತ ಚರ್ಮ ಬೆಳ್ಳಗಾಗಿದೆ, ಇಷ್ಟು ಸಣ್ಣ ಕೈ, ಇಷ್ಟು ಸಣ್ಣ —