ಅರಿಷಿಣ ಹತ್ತಿದ ಪುಟ

"ಸುಳ್ಳ ಬರದೀ ನೀ! ಐದ ವರ್ಷದಿಂದ ಇಡೀ ಕಾಲೇಜ ನಿನ್ನ ಸುಳ್ಳ ಬಾಯಿಪಾಠ ಮಾಡಿ ಪಾಸ ಆಗೇತಿ. ಮೊನ್ನಿ ಮೂವತ್ತ ಮಂದಿ ಮುಂದ ಮಾನ ಹೋಗಿದ್ದು ಮಾತ್ರ ನಂದು!"

ಅನ್ನಪೂರ್ಣಾ ನೋಟಬುಕ್ಕನ್ನು ಪಡಸಾಲೆಯ ಕಂಬಕ್ಕೆ ಬೀಸಿ ಒಗೆದಳು. ಅದು ಕಂಬಕ್ಕೆ ಬಡಿದು, ಅಕ್ಕಿ ಆರಿಸುತ್ತ ಕೂತಿದ್ದ ತಾಯಿ ರಾಚವ್ವನ ಮೊರದ ಪಕ್ಕ ಬಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಬಡಿಯುತ್ತಿದ್ದವಳು ಅಕ್ಕ ಚನ್ನವ್ವ. ಸಂಪಗಾಂವಕ್ಕೆ, ತವರಿಗೆ ಬಂದು ಎಂಟು ದಿನವಾಗಿತ್ತು. ಸಂಜೆಯ ಬಸ್ಸಿಗೆ ಸಾಲಹಳ್ಳಿಗೆ, ಗಂಡನ ಮನೆಗೆ ಹೊರಡುವವಳಿದ್ದಳು.

"ಊರಿಗೆ ಹೊಂಟಾಕಿ ಜೋಡಿ ಏನ ಜಗಳ ತಗದೀ?" ಎಂದಳು ರಾಚವ್ವ. "ನಕ್ಕೋತ ಹೋಗ್ಲಿ ಆಕಿ."

"ಹೋಗ್ಲಿ ಬಿಡ. ಬರದದ್ದು ಯಾಕಂತ ಹೇಳಿ ಹೋಗ್ಲಿ."

ಆ ನೋಟಬುಕ್ಕಿನ ಕಥೆ ದೊಡ್ಡದು. ತೊಂಬತ್ತಾರನೇ ಇಸವಿಯಲ್ಲಿ ಚನ್ನವ್ವ ಬೈಲಹೊಂಗಲದ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡು ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಪಠ್ಯಕ್ಕೆ ಇಟ್ಟಿದ್ದ ಇಂಗ್ಲಿಷ್ ಕಾದಂಬರಿಯ ಪ್ರತಿ ಲೈಬ್ರರಿಯಲ್ಲಿ ಇದ್ದುದು ಒಂದೇ. ಅದೂ ಬೀಗ ಹಾಕಿದ ಕಪಾಟಿನಲ್ಲಿ. ಅದನ್ನು ಓದಿದ ಹುಡುಗರು ಯಾರೂ ಇರಲಿಲ್ಲ. ಆಗಿನ ಸರ್ ಕಥೆಯನ್ನು ಪ್ರಕರಣದ ಪ್ರಕಾರ ಹೇಳಿ ಬರೆಸುತ್ತಿದ್ದರು, ಇವರು ಬರೆದುಕೊಳ್ಳುತ್ತಿದ್ದರು. ಚನ್ನವ್ವನ ಅಕ್ಷರ ದುಂಡು. ಅವಳ ನೋಟಬುಕ್ಕನ್ನು ಕೆಳಗಿನ ತರಗತಿಯ ಹುಡುಗಿಯರು ಮೊದಲೇ ಬೇಡಿ ಇಟ್ಟಿದ್ದರು.

ಕೊನೆಯ ಪ್ರಕರಣ ಉಳಿದಿದ್ದಾಗಲೇ ಮದುವೆ ಬಂತು. ಐದು ದಿನ ಮೊದಲೇ ಅರಿಷಿಣ ಹಚ್ಚಿದರು. ಅರಿಷಿಣ ಹಚ್ಚಿಸಿಕೊಂಡವಳು ಹೊಸ್ತಿಲು ದಾಟುವಂತಿಲ್ಲ. ಅದೇ ವಾರ ಕಾಲೇಜಿನಲ್ಲಿ ಸರ್ ಕೊನೆಯ ಪ್ರಕರಣ ಬರೆಸಿ ಮುಗಿಸಿದರು. ಅರ್ಧ ನೋಟಬುಕ್ಕು ಕೊಟ್ಟರೆ ಏನಂದಾರು ಎಂದುಕೊಂಡು ಚನ್ನವ್ವ ಮೂಲೆಯಲ್ಲಿ ಕೂತು ತಾನೇ ಒಂದು ಪುಟ ಬರೆದಳು. ಕಥೆಯ ಮಾರ್ಥಾ ಗಿರಣಿ ಮಾಲೀಕನ ಹೆಂಡತಿ, ಮನೆ ಬಿಟ್ಟು ಹಿಮದಲ್ಲಿ ಹೊರಟವಳು. ಚನ್ನವ್ವ ಅವಳನ್ನು ಸೇತುವೆಯ ತನಕ ಕಳಿಸಿ, ಅಲ್ಲಿಂದ ತಿರುಗಿಸಿದಳು. ಗಂಡ ಬಾಗಿಲು ತೆರೆದಿಟ್ಟಿದ್ದ. ಅವಳು ಬಂದು ದೀಪ ಹಚ್ಚಿದಳು. ಮನೆಯೇ ಹೆಣ್ಣಿಗೆ ಸ್ವರ್ಗ ಎಂದು ಕಾದಂಬರಿಕಾರ ಹೇಳುತ್ತಾನೆ ಎಂದು ಬರೆದು ಮುಗಿಸಿದಳು. ಪುಟದ ಕೆಳಗೆ ಹೆಬ್ಬೆಟ್ಟಿನಷ್ಟು ಅರಿಷಿಣ ಹತ್ತಿತು. ಚನ್ನವ್ವ ಪರೀಕ್ಷೆಗೆ ಕೂರಲೇ ಇಲ್ಲ. ನೋಟಬುಕ್ಕು ಮಾತ್ರ ಕೈಯಿಂದ ಕೈಗೆ ಹೋಯಿತು, ಝೆರಾಕ್ಸ್ ಆಯಿತು. ಪೇಪರು ತಿದ್ದುವವರು ಕಥೆ ನೋಡಿದರೋ ಬರೀ ಅಕ್ಷರ ನೋಡಿದರೋ, ಮಾರ್ಥಾ ವರ್ಷ ವರ್ಷ ಮನೆಗೆ ಬಂದಳು, ವರ್ಷ ವರ್ಷ ಮಾರ್ಕ್ಸೂ ಬಿದ್ದವು.

ಈ ವರ್ಷ, ಅನ್ನಪೂರ್ಣಾ ಅದೇ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷಕ್ಕೆ ಬಂದಾಗ, ಹೊಸ ಸರ್ ಬಂದರು. ಮೂರು ವರ್ಷ ಸಾಹಿತ್ಯ ಓದಿ ನೀವು ಎಷ್ಟು ಬೆಳೆದಿರಿ, ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದೊಂದು ಪುಟ ಬರೆಯಿರಿ ಅಂದರು. ಅನ್ನಪೂರ್ಣಾ ಕಷ್ಟಪಟ್ಟು ಬರೆದಿದ್ದಳು. ತಿರುಗಿ ಬಂದ ಮಾರ್ಥಾಳಿಂದ ತಾನು ತಾಳ್ಮೆ ಕಲಿತೆ ಎಂದು ಬರೆದಿದ್ದಳು. ಸರ್ ಅದನ್ನು ವರ್ಗದಲ್ಲಿ ಗಟ್ಟಿಯಾಗಿ ಓದಿದರು.

"ಯಾವ ಪುಸ್ತಕ ಓದೀ ತಂಗಿ? ಆಕಿ ತಿರಗಿ ಬರೂದೇ ಇಲ್ಲಲಾ!"

"ಸರ್, ಮಾರ್ಥಾ ಸಂಪಗಾಂವದಾಗ ಬಸ್ ಇಳದಾಳರಿ!" ಎಂದು ಹಿಂದಿನ ಬೆಂಚಿನ ನಿಂಗರಾಜ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನ ಚೀಲದಲ್ಲೂ ಅದೇ ಝೆರಾಕ್ಸ್ ಇತ್ತು. ಸರ್ ಪುಟ ವಾಪಸು ಕೊಟ್ಟು, ಲೈಬ್ರರಿಯ ಪ್ರತಿ ತರಿಸಿ ಅವಳ ಕೈಗಿಟ್ಟರು. ಅನ್ನಪೂರ್ಣಾ ಎರಡು ದಿನ ಶಬ್ದಕೋಶ ಇಟ್ಟುಕೊಂಡು ಕೊನೆಯ ಪ್ರಕರಣ ಓದಿ, ಈಗ ಬಂದು ನಿಂತಿದ್ದಳು.

"ನನಗರ ಹೇಳಬೇಕಿಲ್ಲೋ, ಇದು ನನ್ನ ಪದರಿನ ಕಥಿ, ನಾನ ಕಟ್ಟಿದ್ದು ಅಂತ?"

"ಮರತಿದ್ದೆ," ಎಂದಳು ಚನ್ನವ್ವ ಒಳಗಿಂದಲೇ.

"ಮರೀತಿ, ಯಾಕ ಮರೀದಿಲ್ಲ. ಐದ ವರ್ಷ ಸಾಲಹಳ್ಳ್ಯಾಗ ಏನ ಓದೀ ನೀ? ಸಕ್ಕರಿ ಕಟ್ಟಿದ ಹಾಳಿ!"

"ಹೂಂ. ಅದನ್ನೂ ಎರಡೆರಡ ಸಲ ಓದತೇನಿ."

ಅನ್ನಪೂರ್ಣಾಗೆ ಆ ಮಾತು ಹತ್ತಲಿಲ್ಲ. ಸಿಟ್ಟು ಬಂದಾಗ ಅವಳಿಗೆ ಯಾವ ಮಾತೂ ಹತ್ತುತ್ತಿರಲಿಲ್ಲ. ಪುಸ್ತಕ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು.

"ಕೇಳ. ಖರೇ ಕೊನಿ ಕೇಳ." ಇಂಗ್ಲಿಷ್ ನೋಡುತ್ತ, ಕನ್ನಡದಲ್ಲಿ ಹೇಳುತ್ತ ಹೋದಳು. ಮಾರ್ಥಾ ಬೀಗದ ಕೈಗಳನ್ನು ಹಿಟ್ಟಿನ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕುತ್ತಾಳೆ. ಸೇತುವೆ ದಾಟುತ್ತಾಳೆ. ಕುದುರೆ ಗಾಡಿ ಬರುತ್ತದೆ. ಎಲ್ಲಿಗೆ ಎಂದು ಗಾಡಿಯವನು ಕೇಳುತ್ತಾನೆ. ಗಾಡಿ ಎಲ್ಲಿಯ ತನಕ ಹೋಗುತ್ತದೋ ಅಲ್ಲಿಗೆ ಎನ್ನುತ್ತಾಳೆ. "ಮುಗೀತು. ಮುಂದ ಖಾಲಿ ಹಾಳಿ."

ಚನ್ನವ್ವನ ಕೈ ಹಿಟ್ಟಿನಲ್ಲೇ ಇತ್ತು.

"ಗಂಡ ಹೊಡೀತಿದ್ದನ?"

"ಇಲ್ಲ."

"ಕುಡೀತಿದ್ದನ?"

"ಇಲ್ಲ."

"ಮತ್ತ ಯಾಕ ಹ್ವಾದ್ಲು?"

"ಅದನ್ನ ಬರದಿಲ್ಲ. ಹ್ವಾದ್ಲು, ಅಷ್ಟ."

ಹಂಚಿನ ಮೇಲಿನ ರೊಟ್ಟಿ ಕರಿದಾಗಿ ಹೊಗೆ ಎದ್ದಿತು. "ರೊಟ್ಟಿ ನೋಡವಾ!" ಎಂದು ರಾಚವ್ವ ಒದರಿದಳು. ಚನ್ನವ್ವ ರೊಟ್ಟಿ ತೆಗೆದಳು, ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದಳು, ಬಚ್ಚಲಿಗೆ ಹೋಗಿ ಮೊಣಕೈ ತನಕ ಕೈ ತೊಳೆದುಕೊಂಡಳು. ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಅವಳು ಚೀಲ ತೆಗೆದುಕೊಂಡಳು.

"ಈಗ್ಯಾಕ ಹೊಂಟಿ? ತಡಿ, ಉಡಿ ತುಂಬತೇನಿ," ಎಂದು ರಾಚವ್ವ ಗಡಬಡಿಸಿ ಎದ್ದಳು. ತಾಟಿನಲ್ಲಿ ಅಕ್ಕಿ, ಕಾಯಿ, ಬೆಲ್ಲದ ಅಚ್ಚು, ಹಸಿರು ಕುಬಸದ ಖಣ ಹಾಕಿ ಆಗಲೇ ಸಜ್ಜು ಮಾಡಿಟ್ಟಿದ್ದಳು.

"ಮುಂದಿನ ಸಲ ತುಂಬೀಯಂತ ಬಿಡ ಯವ್ವಾ."

"ಉಡಿ ತುಂಬಲಾರದ ಹೆಣ್ಣಮಗಳನ್ನ ಹೆಂಗ ಕಳಸ್ಲಿ? ಪೂರ್ಣಾ, ನಿಂದರಸ ಆಕಿನ್ನ! ನಿನ್ನ ಬಾಯಿಗಿಷ್ಟ..."

ಅನ್ನಪೂರ್ಣಾ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಏಳಲಿಲ್ಲ. ಚನ್ನವ್ವ ಅವಳ ಮುಂದೆ ಬಗ್ಗಿ ಪುಸ್ತಕ ಎತ್ತಿಕೊಂಡಳು.

"ಲೈಬ್ರರೀದು ಐತಿ ಅದು," ಎಂದಳು ಅನ್ನಪೂರ್ಣಾ ಮುಖ ಎತ್ತದೆ. "ಹತ್ತ ದಿನಕ್ಕ ಕೊಡಬೇಕು."

"ಓದತೇನಿ."

ಚಪ್ಪಲಿಯ ಸಪ್ಪಳ ಅಂಗಳ ದಾಟಿತು. ಊರಿಗೆ ಒಯ್ಯಲು ಕಟ್ಟಿದ್ದ ರೊಟ್ಟಿಯ ಗಂಟು ಒಲೆಯ ಹತ್ತಿರವೇ ಉಳಿಯಿತು. ರಾಚವ್ವ ತಾಟನ್ನು ದೇವರ ಜಗುಲಿಯ ಮೇಲೆ ಎತ್ತಿಟ್ಟಳು. ಮುಂದಿನ ಸಲ ಬರುವ ತನಕ ಅದನ್ನು ಯಾರೂ ಮುಟ್ಟಬಾರದು ಎಂದಳು.

ಆಮೇಲೆ ಮನೆಯಲ್ಲಿ ವಿಶೇಷವೇನೂ ಆಗಲಿಲ್ಲ. ಸಿಟ್ಟು ಮಾಡಿಕೊಂಡು ಹೋದವಳು ಪತ್ರ ಬರೆಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಅನ್ನಪೂರ್ಣಾ ಬೆಳಗಿನ ಬಸ್ಸಿಗೆ ಕಾಲೇಜಿಗೆ ಹೋದಳು, ಸಂಜೆಯ ಬಸ್ಸಿಗೆ ಬಂದಳು. ಅಕ್ಕನಿಗೆ ಅಂದ ಮಾತು ನೆನಪಾದರೂ ಎದೆಯಲ್ಲಿ ಏನೂ ಆಗುತ್ತಿರಲಿಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಇತ್ತು ಎದೆ. ಲೈಬ್ರರಿಯವರು ಎರಡು ಸಲ ಪುಸ್ತಕ ಕೇಳಿದರು. ಅಕ್ಕನ ಊರಿಂದ ಬರಬೇಕು ಎಂದು ಹೇಳಿದಳು. ಗೆಳತಿ ಫಿಜಾ ನೋಟಬುಕ್ಕು ಕೇಳಿದಾಗ, "ಕೊನೀ ಪುಟ ಬಿಟ್ಟ ಉಳಿದದ್ದ ಓದ," ಎಂದಳು.

ಸರ್ ಹೇಳಿದ ಪುಟವನ್ನು ಮತ್ತೆ ಬರೆದಳು. ಬೇರೆಯವರು ಬರೆಸಿದ್ದನ್ನು ನಂಬದೆ, ಒಂದು ಪುಸ್ತಕವನ್ನು ತಾನೇ ಕೊನೆಯ ಸಾಲಿನ ತನಕ ಓದುವುದನ್ನು ಈ ಮೂರು ವರ್ಷ ಕಲಿಸಿತು, ಇಷ್ಟೇ ನನ್ನ ಬೆಳವಣಿಗೆ ಎಂದು ಬರೆದಳು. ಸರ್ ಓದಿ, "ಇದು ನೋಡ, ನಿಂದು ಅನ್ನೂವಂಥದ್ದು," ಎಂದು ಕೆಳಗೆ ಕೆಂಪು ಶಾಯಿಯಿಂದ ಸಹಿ ಹಾಕಿದರು. ನಿಂಗರಾಜನೂ ಈ ಸಲ ನಗಲಿಲ್ಲ.

ಮರುದಿನ ರವಿವಾರ. ಚನ್ನವ್ವ ಹೋಗಿ ಇಪ್ಪತ್ತೆರಡು ದಿನವಾಗಿತ್ತು. ಹನ್ನೊಂದರ ಸುಮಾರಿಗೆ ಹೊರಗೆ, "ಅತ್ತೀ, ಅದೀರೇನ್ರಿ?" ಎಂಬ ದನಿ ಕೇಳಿಸಿತು. ಅಳಿಯ ವಿರೂಪಾಕ್ಷನ ದನಿ.

"ಬಂದ್ರ ನೋಡವಾ!" ಎಂದು ರಾಚವ್ವ ದೇವರ ಜಗುಲಿಗೆ ಓಡಿದಳು. ತಾಟಿನ ಮೇಲಿನ ಧೂಳು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. ಅನ್ನಪೂರ್ಣಾ ತಂಬಿಗೆ ನೀರು ತುಂಬಿಕೊಂಡು ಹಿಂದೆ ಬಂದಳು.

ವಿರೂಪಾಕ್ಷ ಒಬ್ಬನೇ ಇದ್ದ. ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತು, ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

"ಎಂಟ ದಿನಾ ಅಂತ ಹೇಳಿ ಬಂದಾಕಿ, ತಿಂಗಳ ಆತರಿ," ಎಂದ. "ಕರಕೊಂಡ ಹೋಗೂಣಂತ ಬಂದೆ. ನಾ ಏನ ಅಂದಿಲ್ಲರಿ ಆಕಿಗೆ. ಒಂದ ಮಾತ ಅಂದಿಲ್ಲ."

ರಾಚವ್ವ ತಾಟು ಹಿಡಿದುಕೊಂಡೇ ನಿಂತಿದ್ದಳು. ಅಕ್ಕಿಯೊಳಗಿಂದ ಒಂದು ನುಸಿಹುಳ ಎದ್ದು ತಾಟಿನ ಅಂಚಿಗೆ ಹತ್ತಿತು. ಅಂಚಿನ ಮೇಲೆ ಅರ್ಧ ಸುತ್ತು ನಡೆದು, ನಿಂತು, ಮತ್ತೆ ನಡೆಯತೊಡಗಿತು. ಅನ್ನಪೂರ್ಣಾ ತಂಬಿಗೆ ಕೆಳಗಿಡದೆ ಅದನ್ನೇ ನೋಡುತ್ತಿದ್ದಳು.